ಕ್ಯಾಂಪಿಂಗ್ ಟ್ರೇಲರ್: ಹಳೇ ಅಂಟು ಕೀಳುವುದು, ಸವೆದ ಸ್ಕ್ರೂ-ರಿವಿಟ್ ಬದಲಿಸುವುದು (ಪದೇ ಪದೇ ಕೇಳುವ ಪ್ರಶ್ನೆಗಳು)

ಬೆಳಗಾವಿಯಲ್ಲಿ ಬಸ್ ಬಾಡಿ ಕಟ್ಟುವ ಶೆಡ್ಡಿನಲ್ಲಿ ಕೆಲಸ ಕಲಿತವನು ನಾನು. ಈಗ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಕ್ಯಾಂಪಿಂಗ್ ಟ್ರೇಲರ್‌ಗಳ ರಿಪೇರಿ ಮಾಡುತ್ತೇನೆ. ನಮ್ಮ ಕಡೆ ಇಂಥ ಟ್ರೇಲರ್ ಇನ್ನೂ ಕಡಿಮೆ. ಹಾಗಾಗಿ ಸವದತ್ತಿ ಯಲ್ಲಮ್ಮನ ಗುಡ್ಡ, ಬಾದಾಮಿ ಬನಶಂಕರಿ ಜಾತ್ರೆ, ಆಲಮಟ್ಟಿ, ಹೀಗೆ ಎಲ್ಲಿ ನಿಲ್ಲಿಸಿದರೂ ಮಂದಿ ಬಂದು ಮಾತಾಡಿಸುತ್ತಾರೆ. ಟ್ರೇಲರ್ ಇದ್ದವರು ಫೋನ್ ಮಾಡಿ, ಕಾಗದ ಬರೆದು ಕೇಳುತ್ತಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಓದುವಾಗ ಒಂದು ಮಾತು ನೆನಪಿರಲಿ: ಟ್ರೇಲರ್ ಹಾಳಾಗುವುದು ಬಹುತೇಕ ನೀರಿನಿಂದ, ಆ ನೀರು ಒಳಗೆ ಇಳಿಯುವುದು ಸ್ಕ್ರೂ ಹೊಡೆದ ತೂತಿನಿಂದ. ಅದಕ್ಕೇ ಅಂಟಿನ ಕೆಲಸ ಮತ್ತು ಸ್ಕ್ರೂ ಕೆಲಸ ಎರಡನ್ನೂ ಒಟ್ಟಿಗೆ ಮಾಡಿ.

## ಮೊದಲು ಕೇಳುವವು

ಮ್ಯಾಲಿನ ಅಂಟು ಒಣಗಿ ಸೀಳೈತ್ರಿ. ಅದರ ಮ್ಯಾಲನ ಹೊಸಾದು ಹಚ್ಚಿದ್ರ ಆಗಂಗಿಲ್ಲೇನು?

ಆಗುವುದಿಲ್ಲ. ಹೊಸ ಅಂಟು ಹಿಡಿಯುವುದು ತನ್ನ ಕೆಳಗಿರುವುದನ್ನು. ಕೆಳಗಿನ ಪದರವೇ ತಗಡು ಬಿಟ್ಟಿದ್ದರೆ ಎರಡೂ ಸೇರಿ ಕಿತ್ತು ಬರುತ್ತವೆ. ಇನ್ನೂ ದೊಡ್ಡ ತೊಂದರೆ ಎಂದರೆ, ಮೇಲೆ ಬಳಿದ ಪದರ ನೀರು ಹೊರಗೆ ಹೋಗುವ ದಾರಿ ಮುಚ್ಚುತ್ತದೆ. ಒಳಗೆ ಬರುವ ದಾರಿ ಮಾತ್ರ ಎಲ್ಲೋ ತೆರೆದೇ ಇರುತ್ತದೆ. ನನ್ನ ಶೆಡ್ಡಿಗೆ ಬಂದ ಒಂದು ಟ್ರೇಲರಿನ ಚಾವಣಿ ಮೂಲೆಯಲ್ಲಿ ನಾಲ್ಕು ಬಗೆಯ ಅಂಟು ಒಂದರ ಮೇಲೊಂದು ಇದ್ದವು. ಅವುಗಳ ಕೆಳಗಿನ ಕಟ್ಟಿಗೆ ಬೆರಳಿನಿಂದ ಒತ್ತಿದರೆ ಪುಡಿಯಾಗುತ್ತಿತ್ತು.

ಒಂದಕ್ಕೆ ವಿನಾಯಿತಿ ಉಂಟು. ಚಾವಣಿಯ ಮೇಲೆ ಹರಿದು ತಾನೇ ಸಮನಾಗುವ ಸೀಲಂಟ್ (ಸಂದು ಮುಚ್ಚುವ ಅಂಟು) ಹಾಕಿದ್ದು, ಅದು ಅಂಚಿನವರೆಗೂ ಗಟ್ಟಿ ಹಿಡಿದಿದ್ದು, ಮೇಲ್ಮೈಯಲ್ಲಿ ಮಾತ್ರ ಸಣ್ಣ ಬಿರುಕು ಇದ್ದರೆ, ತೊಳೆದು ಒಣಗಿಸಿ ಅದೇ ಜಾತಿಯದನ್ನು ಮೇಲೆ ಹಾಕಬಹುದು. ಉಳಿದದ್ದೆಲ್ಲ ಬರಿ ತಗಡು ಕಾಣುವವರೆಗೆ ಹೋಗಬೇಕು. ಹತ್ತು ತಾಸಿನ ಕೆಲಸ ಹಿಡಿದರೆ ಎಂಟು ತಾಸು ಕೀಳುವುದಕ್ಕೇ ಹೋಗುತ್ತದೆ ಎಂದು ಮೊದಲೇ ಲೆಕ್ಕ ಹಾಕಿಕೊಳ್ಳಿ.

ಇದು ಯಾವ ಜಾತಿ ಅಂಟು ಅಂತ ಗುರ್ತಾ ಹಿಡಿಯೋದು ಹೆಂಗ?

ಉಗುರು, ಮೂಗು, ನೀರು ಈ ಮೂರರಿಂದ ಬಹಳಷ್ಟು ತಿಳಿಯುತ್ತದೆ. ಉಗುರು ಒತ್ತಿದರೆ ಕಣಕದ ಹಾಗೆ ಕುಳಿ ಬಿದ್ದು, ಎಳೆದರೆ ದಾರದಂತೆ ಉದ್ದವಾಗಿ, ಕೈಗೆ ಮೆತ್ತಿಕೊಂಡರೆ ಅದು ಬ್ಯೂಟೈಲ್. ಎಷ್ಟು ವರ್ಷವಾದರೂ ಇದು ಪೂರ್ತಿ ಗಟ್ಟಿಯಾಗುವುದಿಲ್ಲ. ತಗಡಿನ ಸಂದು ಮುಚ್ಚುವ ಬೀಡಿಂಗ್ ಪಟ್ಟಿಯ ಕೆಳಗೆ, ಕಿಟಕಿ ಚೌಕಟ್ಟಿನ ಹಿಂದೆ ಇರುವುದು ಸಾಮಾನ್ಯವಾಗಿ ಇದೇ. ರಬ್ಬರಿನ ಹಾಗೆ ಎಳೆದು ಬಿಟ್ಟರೆ ಹಿಂದಕ್ಕೆ ಹೋಗುತ್ತಿದ್ದು, ಮೇಲೆ ನೀರು ಚಿಮುಕಿಸಿದರೆ ಕೆಸುವಿನ ಎಲೆಯ ಮೇಲಿನಂತೆ ಮುತ್ತುಮುತ್ತಾಗಿ ನಿಂತರೆ ಸಿಲಿಕಾನ್. ಹೆಚ್ಚು ಗಟ್ಟಿಯಾಗಿ, ಬ್ಲೇಡಿಗೆ ಟೈರ್ ಕೊಯ್ದ ಹಾಗೆ ಸಿಕ್ಕಿ, ಬಿಸಿಲಿಗೆ ಮೇಲ್ಮೈ ಪುಡಿಪುಡಿಯಾಗಿದ್ದರೆ ಪಾಲಿಯುರೆಥೇನ್. ಮೆಕ್ಯಾನಿಕ್‌ಗಳು ಪಿಯು ಅನ್ನುವುದು ಇದಕ್ಕೇ, ಕಾರಿನ ಮುಂದಿನ ಗಾಜು ಕೂಡಿಸುವುದು ಇದರಿಂದಲೇ. ಪ್ಲೈವುಡ್ ಮತ್ತು ಸನ್‌ಮೈಕಾ ನಡುವೆ ಹಳದಿ-ಕಂದು ಬಣ್ಣದ ತೆಳು ಪದರ ಇದ್ದರೆ ಬಡಗಿಗಳು ಎರಡೂ ಕಡೆ ಹಚ್ಚಿ ಒಣಗಿಸಿ ಒತ್ತುವ ಕಾಂಟ್ಯಾಕ್ಟ್ ಅಂಟು. ಸ್ಪಂಜಿನಂತಹ ಪಟ್ಟಿಯ ಎರಡೂ ಬದಿಗೆ ಅಂಟಿದ್ದರೆ ಅಕ್ರಿಲಿಕ್ ಫೋಮ್ ಟೇಪ್.

ಈ ಗುರುತು ತಪ್ಪಿದರೆ ಮುಂದಿನ ಎಲ್ಲ ಕೆಲಸ ತಪ್ಪುತ್ತದೆ, ಯಾಕೆಂದರೆ ಒಂದನ್ನು ಕರಗಿಸುವ ದ್ರವ ಇನ್ನೊಂದನ್ನು ಮುಟ್ಟುವುದೂ ಇಲ್ಲ.

ಸ್ಕ್ರೂ ತಲಿ ಚಲೋ ಕಾಣಾಕತ್ತೈತಿ. ಆದ್ರೂ ತಗೀಬೇಕಾ?

ಪ್ರತಿ ಸಾಲಿನಲ್ಲಿ ಎರಡು-ಮೂರು ತೆಗೆದು ನೋಡಿ. ತಲೆಗೆ ಬಿಸಿಲು-ಗಾಳಿ ಬಡಿದು ಒಣಗಿರುತ್ತದೆ, ಕಟ್ಟಿಗೆಯೊಳಗಿನ ಕಾಲು ತೇವದಲ್ಲೇ ಇರುತ್ತದೆ. ಹೊರಗೆ ಹೊಳೆಯುವ ಸ್ಕ್ರೂ ತೆಗೆದಾಗ ಒಳಗೆ ಸೂಜಿಯಷ್ಟು ತೆಳ್ಳಗಾಗಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ತೂತಿನ ಸುತ್ತ ಕಟ್ಟಿಗೆ ಕಪ್ಪಾಗಿದ್ದರೆ, ಸ್ಕ್ರೂ ಬಿಗಿಯದೆ ಸುಮ್ಮನೆ ತಿರುಗಿದರೆ, ಸ್ಕ್ರೂವಿನ ಎಳೆಗಳ (ಸುರುಳಿ ಗೆರೆಗಳ) ಮೇಲೆ ಕೆಂಪು ಪುಡಿ ಇದ್ದರೆ ಆ ಸಾಲನ್ನೇ ಬದಲಿಸಿ. ಹಾಳಾದ ಒಂದನ್ನು ಮಾತ್ರ ಬದಲಿಸಿದರೆ ಪಕ್ಕದ್ದು ಮುಂದಿನ ಮಳೆಗಾಲಕ್ಕೆ ಕೈ ಕೊಡುತ್ತದೆ, ಮತ್ತೆ ಅದೇ ಅಂಟು ಕೀಳಬೇಕಾಗುತ್ತದೆ.

ಸಾಮಾನು ಎಲ್ಲಿ ಸಿಗ್ತಾವ್ರಿ? ಇಲ್ಲಿ ಇಂಥ ಅಂಗಡಿನ ಇಲ್ಲಲ್ಲ.

ಟ್ರೇಲರ್ ಅಂಗಡಿ ಹುಡುಕಬೇಡಿ, ಬಸ್ ಬಾಡಿ ಕಟ್ಟುವವರನ್ನು ಹುಡುಕಿ. ಅಲ್ಯೂಮಿನಿಯಂ ಶೀಟು, ಬೀಡಿಂಗ್, ರಿವಿಟ್, ಪಿಯು ಸೀಲಂಟ್ ಎಲ್ಲ ಅವರ ದಿನದ ಸಾಮಾನು. ಬೆಳಗಾವಿಯ ಉದ್ಯಮಬಾಗ ಫೌಂಡ್ರಿ ಮತ್ತು ಮಷಿನ್ ಶಾಪ್‌ಗಳ ಜಾಗ. ಅಲ್ಲಿನ ನಟ್ಟು-ಬೋಲ್ಟಿನ ಅಂಗಡಿಗಳಲ್ಲಿ ಸ್ಟೇನ್‌ಲೆಸ್ ಸ್ಕ್ರೂ, ನೈಲಾಕ್ ನಟ್ಟು (ಒಳಗೆ ನೈಲಾನ್ ಬಳೆ ಇದ್ದು ಸಡಿಲವಾಗದ ನಟ್ಟು) ಅಳತೆ ಹೇಳಿದರೆ ಕೊಡುತ್ತಾರೆ. ಬಾಗಲಕೋಟೆ, ವಿಜಯಪುರದಲ್ಲಿ ಕಾರಿನ ಗಾಜು ಹಾಕುವವರ ಹತ್ತಿರ ಪಿಯು ಕೊಳವೆ, ಟ್ರ್ಯಾಕ್ಟರ್ ಸ್ಪೇರ್ ಅಂಗಡಿಯಲ್ಲಿ ಒಳ್ಳೆಯ ಬೋಲ್ಟು ಸಿಗುತ್ತವೆ. ಬ್ಯೂಟೈಲ್ ಟೇಪ್ ಮಾತ್ರ ತರಿಸಿಕೊಳ್ಳಬೇಕಾಗಬಹುದು.

ಕೈ ಹತ್ಯಾರ ಹೆಚ್ಚು ಬೇಡ. ಪ್ಲಾಸ್ಟಿಕ್ ಕೆರೆಯುವ ಪಟ್ಟಿ ನಾಲ್ಕಾರು, ಹೀಟ್ ಗನ್, ರಿವಿಟ್ ಗನ್, ಡ್ರಿಲ್, ಒಳ್ಳೆಯ ಸ್ಕ್ರೂ ಬಿಟ್‌ಗಳು, ನೈಟ್ರೈಲ್ ಕೈಗವಸು, ಹತ್ತಿಯ ಹಳೇ ಅರಿವೆ. ಉಕ್ಕಿನ ಚಾಕುವಿನಿಂದ ಅಲ್ಯೂಮಿನಿಯಂ ಕೆರೆಯಬೇಡಿ. ಒಂದು ಗೀರು ಬಿದ್ದರೆ ಬಣ್ಣ ಅಲ್ಲಿಂದಲೇ ಏಳುತ್ತದೆ.

ವರ್ಷದಾಗ ಯಾವಾಗ ಈ ಕೆಲಸ ಹಿಡಿಯೋದು ಚಲೋ?

ಬೆಳಗಾವಿ, ಖಾನಾಪುರದ ಕಡೆಯವರು ಮೇ ತಿಂಗಳೊಳಗೆ ಮುಗಿಸಿ. ಜೂನ್ ಬಂದಿತೆಂದರೆ ಘಟ್ಟದ ಮಳೆ ಬಿಡುವು ಕೊಡುವುದಿಲ್ಲ, ಬಿಚ್ಚಿದ ಚಾವಣಿಯನ್ನು ತಾಡಪತ್ರಿ ಎಷ್ಟು ದಿನ ಕಾಪಾಡೀತು. ವಿಜಯಪುರ, ಬಾಗಲಕೋಟೆಯವರಿಗೆ ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್-ಮೇನಲ್ಲಿ ಅಲ್ಲಿ ಹೊರಗಿನ ಬಿಸಿಯೇ 40 ಡಿಗ್ರಿ, ಬಿಸಿಲಿಗೆ ನಿಂತ ತಗಡು ಇನ್ನೂ ಹೆಚ್ಚು. ಹಚ್ಚಿದ ಸೀಲಂಟಿನ ಮೇಲೆ ಕೆನೆ ಬೇಗ ಕಟ್ಟುತ್ತದೆ, ಬೆರಳಿನಿಂದ ನಯ ಮಾಡಲು ಸಮಯವೇ ಸಿಗುವುದಿಲ್ಲ. ಬೇಸಿಗೆಯಲ್ಲೇ ಮಾಡಬೇಕಾದರೆ ಮುಂಜಾನೆ ಬಿಸಿಲೇರುವ ಮುಂಚೆ, ನೆರಳಿನಲ್ಲಿ ಮಾಡಿ.

ಎರೆ ನೆಲದವರಿಗೆ ಇನ್ನೊಂದು ಮಾತು. ಗಾಳಿ ಬೀಸುವ ದಿನ ತಗಡು ಒರೆಸಿ ಐದು ನಿಮಿಷ ಬಿಟ್ಟರೂ ಸಣ್ಣ ದೂಳಿನ ಪದರ ಕೂರುತ್ತದೆ. ಒರೆಸಿದ ತಕ್ಷಣ ಹಚ್ಚಬೇಕು.

## ಅಂಟು ಕೀಳುವುದು

ಬ್ಯೂಟೈಲ್ ಕೈಗೆ, ಅರಿವಿಗೆ, ಎಲ್ಲಾದಕ್ಕೂ ಮೆತ್ತಾಕತ್ತೈತಿ. ಹೆಂಗ ತಗೀಲಿ?

ತಂಪಿನಲ್ಲಿ ತೆಗೆಯಿರಿ. ಬ್ಯೂಟೈಲ್ ಬಿಸಿಗೆ ಮೇಣದಂತೆ ಹರಡುತ್ತದೆ, ಚಳಿಗೆ ಬಿರುಸಾಗುತ್ತದೆ. ಡಿಸೆಂಬರ್ ಮುಂಜಾನೆ ಪ್ಲಾಸ್ಟಿಕ್ ಪಟ್ಟಿಯಿಂದ ಎಬ್ಬಿಸಿದರೆ ಉದ್ದುದ್ದ ಎಳೆಯಾಗಿ ಬರುತ್ತದೆ. ಬೇರೆ ಕಾಲದಲ್ಲಿ ಐಸ್ ತುಂಬಿದ ಚೀಲವನ್ನು ಐದು ನಿಮಿಷ ಒತ್ತಿ ಹಿಡಿದು ನೋಡಿ. ದಪ್ಪಗಿದ್ದದ್ದು ಹೋದ ಮೇಲೆ ಉಳಿದ ಚೂರುಗಳಿಗೆ ಕಿತ್ತ ಬ್ಯೂಟೈಲನ್ನೇ ಉಂಡೆ ಕಟ್ಟಿ ಒತ್ತಿ ಒತ್ತಿ ಎತ್ತಿ. ರೊಟ್ಟಿ ಮಾಡುವಾಗ ಕೈಗೆ ಹತ್ತಿದ ಹಿಟ್ಟನ್ನು ಕಣಕದ ಉಂಡೆಯಿಂದಲೇ ಬಿಡಿಸುತ್ತಾರಲ್ಲ, ಅದೇ ರೀತಿ. ಕೊನೆಯ ಕಲೆಗೆ ಮಿನರಲ್ ಟರ್ಪಂಟೈನ್ ತೇವ ಮಾಡಿದ ಅರಿವೆ ಸಾಕು. ಆಮೇಲೆ ಸಾಬೂನು ನೀರು, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್; ಟರ್ಪಂಟೈನಿನ ಜಿಡ್ಡು ಉಳಿದರೆ ಹೊಸದು ಹಿಡಿಯುವುದಿಲ್ಲ.

ಸಿಲಿಕಾನ್ ಕಿತ್ತೀನಿ, ತಗಡು ಲಖಲಖ ಅಂತೈತಿ. ಆದ್ರೂ ಹೊಸ ಪಿಯು ನಿಲ್ಲವಲ್ದು, ಯಾಕ?

ಕಣ್ಣಿಗೆ ಕಾಣದ ಪದರ ಉಳಿದಿದೆ. ಸಿಲಿಕಾನ್ ಕರಗಿಸುವ ದ್ರವ ಸಾಮಾನ್ಯ ಅಂಗಡಿಯಲ್ಲಿ ಸಿಗುವುದಿಲ್ಲ. ಥಿನ್ನರ್, ಅಸಿಟೋನ್, ಸೀಮೆಎಣ್ಣೆ ಯಾವುದೂ ಅದನ್ನು ಕರಗಿಸುವುದಿಲ್ಲ, ತಗಡಿನ ಮೇಲೆ ಇನ್ನಷ್ಟು ಸವರುತ್ತವೆ ಅಷ್ಟೇ. ಕೊಯ್ದು, ಕೆರೆದು, ಉಜ್ಜಿಯೇ ತೆಗೆಯಬೇಕು. ಮೊದಲು ಬ್ಲೇಡನ್ನು ಮಲಗಿಸಿ ಹಿಡಿದು ದಪ್ಪಗಿದ್ದದ್ದನ್ನು ಸೀಳಿ, ಆಮೇಲೆ ಸಿಲಿಕಾನ್ ರಿಮೂವರ್ ಎಂದು ಮಾರುವ ಪೇಸ್ಟ್ ಸಿಕ್ಕರೆ ಹಚ್ಚಿ ಬಿಡಿ, ಕೊನೆಗೆ ನಾರಿನ ಉಜ್ಜುವ ಪ್ಯಾಡಿನಿಂದ ಹಗುರಾಗಿ ಉಜ್ಜಿ. ಮುಗಿಯಿತೋ ಇಲ್ಲವೋ ತಿಳಿಯಲು ನೀರು ಚಿಮುಕಿಸಿ. ಹಾಳೆಯಂತೆ ಹರಡಿ ನಿಂತರೆ ತಗಡು ಶುದ್ಧ, ಮುತ್ತು ಕಟ್ಟಿದರೆ ಇನ್ನೂ ಉಜ್ಜಬೇಕು.

ಟ್ರೇಲರಿನ ಹೊರಮೈಗೆ ಸಿಲಿಕಾನ್ ನಾನು ಹಚ್ಚುವುದಿಲ್ಲ. ಅಗ್ಗದ ಸಿಲಿಕಾನ್ ಒಣಗುವಾಗ ವಿನೆಗರ್ ವಾಸನೆ ಬರುತ್ತದೆ. ಅದು ಅಸಿಟಿಕ್ ಆಮ್ಲ, ತಗಡಿಗೆ ಮತ್ತು ಸ್ಕ್ರೂಗೆ ಒಳ್ಳೆಯದಲ್ಲ. ಮುಂದೆ ರಿಪೇರಿ ಮಾಡುವವನಿಗೂ ಆ ಜಾಗದಲ್ಲಿ ಬಣ್ಣ ನಿಲ್ಲದೆ ಕೆಲಸ ಎರಡರಷ್ಟಾಗುತ್ತದೆ. ಬಚ್ಚಲು, ಅಡಿಗೆ ಕಟ್ಟೆಯ ಅಂಚಿಗೆ ಅದು ಸರಿ.

ಕಿಟಕಿ ಪಿಯುದಿಂದ ಕುಂತೈತಿ. ಮೀಟಿದ್ರ ಗಾಜ ಒಡೀತೈತಿ ಅನಿಸ್ತೈತಿ.

ಮೀಟಬೇಡಿ, ಕೊಯ್ಯಿರಿ. ಕಾರಿನ ಗಾಜು ತೆಗೆಯುವವರು ಮಾಡುವ ಹಾಗೆ ಮೂಲೆಯಲ್ಲಿ ಒಂದು ತೂತು ಮಾಡಿ ತೆಳು ಉಕ್ಕಿನ ತಂತಿ ತೂರಿಸಿ. ಒಬ್ಬರು ಒಳಗೆ, ಒಬ್ಬರು ಹೊರಗೆ ನಿಂತು ಮರ ಕೊಯ್ಯುವವರ ಹಾಗೆ ಆಚೀಚೆ ಎಳೆಯಿರಿ. ಎರಡೂ ತುದಿಗೆ ಕಟ್ಟಿಗೆ ತುಂಡು ಕಟ್ಟಿಕೊಂಡರೆ ಕೈ ಕೊಯ್ಯುವುದಿಲ್ಲ. ಗಟ್ಟಿಯಾದ ಪಿಯು ಯಾವ ಥಿನ್ನರಿಗೂ ಕರಗದು. ಉಳಿದದ್ದನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಬೇಕು. ಬೆಂಕಿ ಅಥವಾ ವಿಪರೀತ ಬಿಸಿ ಮಾತ್ರ ಕೊಡಬೇಡಿ. ಸುಟ್ಟ ಪಿಯು ಬಿಡುವ ಹೊಗೆಯಲ್ಲಿ ಐಸೊಸಯನೇಟ್ ಇರುತ್ತದೆ, ಅದು ಉಸಿರಾಟಕ್ಕೆ ಕೆಟ್ಟದ್ದು. ಫೋಮ್ ಟೇಪಿಗೂ ಇದೇ ಉಪಾಯ, ತಂತಿಯ ಬದಲು ಮೀನು ಹಿಡಿಯುವ ಗಾಳದ ನೈಲಾನ್ ದಾರ ಸಾಕು.

ಪೆಟ್ರೋಲ್ ಹಚ್ಚಿದ್ರ ಲಗೂನ ಹೋಗ್ತೈತಿ ಅಂತಾರ. ಹಚ್ಲೇನು?

ದಯವಿಟ್ಟು ಬೇಡ. ಪೆಟ್ರೋಲಿನ ಆವಿ ಸೊನ್ನೆಗಿಂತ ಎಷ್ಟೋ ಕೆಳಗಿನ ಉಷ್ಣತೆಯಲ್ಲೂ ಹೊತ್ತಿಕೊಳ್ಳುತ್ತದೆ. ಆ ಆವಿ ಗಾಳಿಗಿಂತ ಭಾರ, ಟ್ರೇಲರಿನ ನೆಲದಲ್ಲಿ ನಿಂತುಬಿಡುತ್ತದೆ. ಪಕ್ಕದಲ್ಲಿ ಡ್ರಿಲ್ ಒತ್ತಿದ ಕಿಡಿ ಸಾಕು. ಸೀಮೆಎಣ್ಣೆ ಸುರಕ್ಷಿತ ಎಂದು ನಮ್ಮ ಹಿರಿಯರ ಕಾಲದಿಂದ ನಂಬಿಕೆ ಇದೆ. ಅದರ ಆವಿ ಹೊತ್ತುವ ಉಷ್ಣತೆ ಕನಿಷ್ಠ 35 ಡಿಗ್ರಿ ಎಂದು ನಿಗದಿ. ಬೆಳಗಾವಿಯ ಚಳಿಗಾಲದಲ್ಲಿ ಅದು ಸರಿಹೋಗಬಹುದು, ವಿಜಯಪುರದ ಮೇ ತಿಂಗಳಲ್ಲಿ ಮಧ್ಯಾಹ್ನದ ಗಾಳಿಯೇ ಆ ಗಡಿ ದಾಟಿರುತ್ತದೆ. ಯಾವ ದ್ರವವಾದರೂ ಅರಿವೆಗೆ ಹಾಕಿ ಒರೆಸಿ, ಸುರಿಯಬೇಡಿ. ಬಾಗಿಲು-ಕಿಟಕಿ ಎಲ್ಲ ತೆರೆದಿರಲಿ, ಗ್ಯಾಸ್ ಸಿಲಿಂಡರ್ ಮೊದಲೇ ಹೊರಗಿಡಿ. ಒರೆಸಿದ ಅರಿವೆ ಮುದ್ದೆ ಮಾಡಿ ಮೂಲೆಗೆ ಎಸೆಯದೆ ಹೊರಗೆ ಹರವಿ ಒಣಗಿಸಿ.

ಥಿನ್ನರ್ ಹಚ್ಚಿದ ಮ್ಯಾಲೆ ಗ್ವಾಡಿ ಒಳಗ ಕುಸದಂಗ ಆಗೈತಿ. ಏನಾತು?

ಗೋಡೆಯ ನಡುವಿನ ಥರ್ಮೊಕೋಲ್ ಕರಗಿದೆ. ಎಷ್ಟೋ ಟ್ರೇಲರ್‌ಗಳ ಗೋಡೆ ಎಂದರೆ ಹೊರಗೆ ಅಲ್ಯೂಮಿನಿಯಂ ಅಥವಾ ಫೈಬರ್, ಒಳಗೆ ತೆಳು ಪ್ಲೈ, ನಡುವೆ ಥರ್ಮೊಕೋಲ್ ಹಲಗೆ. ಸ್ಕ್ರೂ ತೂತಿನಿಂದ ಇಳಿದ ಥಿನ್ನರ್, ಅಸಿಟೋನ್ ಅಥವಾ ಪೆಟ್ರೋಲ್ ಅದನ್ನು ಸಕ್ಕರೆ ಕರಗಿದಂತೆ ಕರಗಿಸುತ್ತದೆ. ನನ್ನ ಕೈಯಿಂದಲೇ ಒಮ್ಮೆ ಹೀಗಾಗಿ ಅಂಗೈಯಷ್ಟು ಜಾಗ ಪೊಳ್ಳಾಯಿತು. ಗೋಡೆ ಕೊಯ್ದು ಹೊಸ ಹಲಗೆ ಕೂಡಿಸಿ ಕೊಡಬೇಕಾಯಿತು. ಅಂದಿನಿಂದ ದ್ರವ ಮುಟ್ಟುವ ಮುಂಚೆ ಪ್ರತಿ ತೂತಿಗೂ ಮಾಸ್ಕಿಂಗ್ ಟೇಪ್ ಹಚ್ಚುತ್ತೇನೆ. ಕುಸಿದ ಜಾಗ ಚಿಕ್ಕದಿದ್ದರೆ ಎರಡು ಸಣ್ಣ ತೂತು ಮಾಡಿ ನಿಧಾನಕ್ಕೆ ಉಬ್ಬುವ ಎರಡು ಭಾಗದ ಪಿಯು ಫೋಮ್ ತುಂಬಬಹುದು. ಹೆಚ್ಚು ತುಂಬಿದರೆ ತಗಡು ಹೊರಕ್ಕೆ ಉಬ್ಬುತ್ತದೆ, ಅದಕ್ಕೆ ಎರಡೂ ಕಡೆ ಹಲಗೆ ಒತ್ತಿ ಕಟ್ಟಿ.

ಹೀಟ್ ಗನ್ ಎಷ್ಟ ಬಿಸಿ ಇಡಬೇಕು?

ಗನ್ನಿನ ಬಾಯಲ್ಲಿ ಬರುವ ಗಾಳಿ 300 ಡಿಗ್ರಿ ದಾಟುತ್ತದೆ, ನಮಗೆ ಬೇಕಾದದ್ದು ತಗಡಿನ ಮೇಲೆ 60ರ ಆಸುಪಾಸು. ಕೈ ಇಟ್ಟರೆ ಕೂಡಲೇ ತೆಗೆಯಬೇಕು ಅನ್ನಿಸುವಷ್ಟು. ಒಂದು ಗೇಣು ದೂರ ಹಿಡಿದು ಕೈ ಆಡಿಸುತ್ತಲೇ ಇರಿ. 80 ಡಿಗ್ರಿ ದಾಟಿದರೆ ಥರ್ಮೊಕೋಲ್ ಕುಗ್ಗಲು ಶುರುವಾಗುತ್ತದೆ. ಕಾಂಟ್ಯಾಕ್ಟ್ ಅಂಟಿಗೆ, ಸ್ಟಿಕರಿಗೆ, ಫೋಮ್ ಟೇಪಿಗೆ ಬಿಸಿ ಚೆನ್ನಾಗಿ ಕೆಲಸ ಮಾಡುತ್ತದೆ. ಸಿಲಿಕಾನಿಗೆ ಏನೂ ಆಗುವುದಿಲ್ಲ.

ಪಾರದರ್ಶಕ ಪ್ಲಾಸ್ಟಿಕ್ ಕಿಟಕಿ ಮ್ಯಾಲೆ ಟೇಪಿನ ಅಂಟು ಉಳದೈತಿ.

ಅಕ್ರಿಲಿಕ್ ಕಿಟಕಿಗೆ ಥಿನ್ನರ್, ಅಸಿಟೋನ್, ಪೆಟ್ರೋಲ್, ಸ್ಪಿರಿಟ್ ಯಾವುದೂ ಮುಟ್ಟಿಸಬೇಡಿ, ಜೇಡರ ಬಲೆಯಂಥ ಸೀಳು ಮೂಡುತ್ತವೆ, ಅವು ಹೋಗುವುದಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ಅರ್ಧ ತಾಸು ಬಿಟ್ಟು ಮೆತ್ತನೆಯ ಬಟ್ಟೆಯಿಂದ ಉಜ್ಜಿ, ಸಾಬೂನು ನೀರಿನಿಂದ ತೊಳೆಯಿರಿ. ಎರಡು-ಮೂರು ಸಲ ಮಾಡಬೇಕಾಗುತ್ತದೆ.

ನೆಲದ ಹಾಸು ಕಿತ್ತ ಮ್ಯಾಲೆ ಕೆಳಗ ಕರೀ ಡಾಂಬರದಂಥ ಅಂಟು ಸಿಕ್ಕೈತಿ. ಗ್ರೈಂಡರ್ ಹಚ್ಲಾ?

ಹಚ್ಚಬೇಡಿ. ಹೊರದೇಶದಿಂದ ಬಂದ ಬಹಳ ಹಳೆಯ ಗಾಡಿಗಳಲ್ಲಿ ಇಂಥ ಕಪ್ಪು ಅಂಟಿನಲ್ಲೂ ಅದರ ಮೇಲಿನ ಹಾಸಿನಲ್ಲೂ ಅಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಒಣಗಿದ್ದನ್ನು ಉಜ್ಜಿ ದೂಳೆಬ್ಬಿಸಿದರೆ ಅದು ಪುಪ್ಪುಸಕ್ಕೆ ಹೋಗಿ ಕೂರುತ್ತದೆ. ಗಟ್ಟಿಯಾಗಿದ್ದರೆ ಹಾಗೆಯೇ ಬಿಟ್ಟು ಮೇಲೆ ತೆಳು ಪ್ಲೈ ಹಾಸಿ ಹೊಸ ನೆಲ ಮಾಡಿ. ಇತ್ತೀಚೆಗೆ ನಮ್ಮಲ್ಲೇ ಕಟ್ಟಿದ ಟ್ರೇಲರಿನ ಹಳದಿ ಅಂಟಾದರೆ ಬಿಸಿ ಮಾಡಿ ಕೆರೆಯಬಹುದು.

## ಸ್ಕ್ರೂ, ರಿವಿಟ್, ನಟ್ಟು-ಬೋಲ್ಟು

ಸ್ಕ್ರೂ ಸುಮ್ನ ತಿರಗಾಕತ್ತೈತಿ, ಬಿಗಿನ ಆಗವಲ್ದು. ದೊಡ್ಡದು ಹಾಕ್ಲಾ?

ಮೊದಲ ಸಲಕ್ಕೆ ಒಂದು ಅಳತೆ ದೊಡ್ಡದು ನಡೆಯುತ್ತದೆ. ಎರಡನೆಯ ಸಲಕ್ಕೆ ಕಟ್ಟಿಗೆಯೇ ಉಳಿಯುವುದಿಲ್ಲ. ಕಟ್ಟಿಗೆ ಒಣಗಿ ಗಟ್ಟಿಯಿದ್ದರೆ ತೂತನ್ನು 8 ಮಿಲಿಮೀಟರ್‌ಗೆ ಹಿಗ್ಗಿಸಿ, ಬಿದಿರು ಅಥವಾ ತೇಗದ ಗೂಟ ಕೆತ್ತಿ, ನೀರಿಗೆ ಬಿಡದ ಮರದ ಅಂಟು ಹಚ್ಚಿ ಬಡಿಯಿರಿ. ಮರುದಿನ ಮಟ್ಟ ಮಾಡಿ, ಸ್ಕ್ರೂವಿನ ಎಳೆ ಬಿಟ್ಟು ನಡುಗಾಲು ಎಷ್ಟು ದಪ್ಪವೋ ಅಷ್ಟೇ ಬಿಟ್‌ನಿಂದ ತೂತು ಕೊರೆಯಿರಿ. ಪ್ಲೈವುಡ್ಡಿನ ಅಂಚಿನಲ್ಲಿ ಗೂಟ ಬಡಿದರೆ ಪದರ ಸೀಳುತ್ತದೆ. ಅಲ್ಲಿ ಅರಾಲ್ಡೈಟ್‌ನಂಥ ಎಪಾಕ್ಸಿ ತುಂಬಿ ಗಟ್ಟಿಯಾದ ಮೇಲೆ ಕೊರೆಯುವುದು ಲೇಸು. ಬೆಂಕಿಕಡ್ಡಿ ತುರುಕುವುದು ಕಪಾಟಿನ ಬಾಗಿಲಿಗೆ ಸರಿ, ಹೊರಗೋಡೆಗೆ ಬೇಡ.

ತಲಿ ಸವದು ಬಿಟ್ಟೈತಿ, ಸ್ಕ್ರೂಡ್ರೈವರ್ ಜಾರತೈತಿ. ಹೆಂಗ ತಗಿಯೋದು?

ಅವಸರ ಮಾಡಬೇಡಿ. ಮೊದಲು ಸರಿಯಾದ ಬಿಟ್ ಇದೆಯೇ ನೋಡಿ. ಫಿಲಿಪ್ಸ್ ಮತ್ತು ಪೋಜಿಡ್ರೈವ್ ಒಂದೇ ತರಹ ಕಂಡರೂ ಬೇರೆ, ಅರ್ಧ ಸ್ಕ್ರೂಗಳು ಈ ತಪ್ಪಿನಿಂದಲೇ ಸವೆಯುತ್ತವೆ. ತಲೆಯ ಗುಳಿಯಲ್ಲಿ ಕೂತ ಹಳೇ ಅಂಟನ್ನು ಸೂಜಿಯಿಂದ ಪೂರ್ತಿ ಬಿಡಿಸಿ. ಬಿಸಿಯಾದ ಸಾಲ್ಡರಿಂಗ್ ಐರನ್ನನ್ನು ತಲೆಗೆ ಅರ್ಧ ನಿಮಿಷ ಒತ್ತಿದರೆ ಒಳಗಿನ ಅಂಟು ಮೆತ್ತಗಾಗುತ್ತದೆ. ತುಕ್ಕು ಹಿಡಿದಿದ್ದರೆ ಡಬ್ಲ್ಯುಡಿ-40 ಹಾಕಿ ರಾತ್ರಿ ಬಿಡಿ. ಬಿಟ್ ಮತ್ತು ತಲೆಯ ನಡುವೆ ಸೈಕಲ್ ಟ್ಯೂಬಿನ ಚೂರು ಇಟ್ಟು ಒತ್ತಿ ತಿರುಗಿಸಿದರೆ ಹಿಡಿತ ಬರುತ್ತದೆ. ಯಾವುದಕ್ಕೂ ಬಗ್ಗದಿದ್ದರೆ ತಲೆಯನ್ನಷ್ಟೇ ಡ್ರಿಲ್ ಮಾಡಿ ಹಾರಿಸಿ, ಬೀಡಿಂಗ್ ಬಿಚ್ಚಿದ ಮೇಲೆ ಉಳಿದ ಕಾಲನ್ನು ಪಕ್ಕಡದಿಂದ ಹಿಡಿದು ತಿರುವಿ.

ರಿವಿಟ್ ತಗದು ಹೊಸಾದು ಹೊಡಿಯೋದು ಕಷ್ಟ ಐತೇನ್ರಿ?

ಕಷ್ಟವಿಲ್ಲ, ಅಳತೆ ತಪ್ಪಬಾರದು. ರಿವಿಟಿನ ನಡುವೆ ಉಳಿದ ಉಕ್ಕಿನ ಕಡ್ಡಿಯನ್ನು ಮೊದಲು ಸಣ್ಣ ಪಂಚ್‌ನಿಂದ ಹೊಡೆದು ಒಳಗೆ ತಳ್ಳಿ. ಆಮೇಲೆ ರಿವಿಟ್ ಎಷ್ಟು ದಪ್ಪವೋ ಅಷ್ಟೇ ಬಿಟ್ ಹಾಕಿ ತಲೆಯನ್ನು ಕೊರೆಯಿರಿ, ತಗಡಿನ ತೂತು ಹಿಗ್ಗಬಾರದು. ಹೊಸ ತೂತು ಕೊರೆಯುವುದಾದರೆ 3.2 ಮಿ.ಮೀ. ರಿವಿಟಿಗೆ 3.3, 4.0ಕ್ಕೆ 4.1, 4.8ಕ್ಕೆ 4.9 ಮಿ.ಮೀ. ಬಿಟ್. ರಿವಿಟಿನ ಉದ್ದ ಆರಿಸುವಾಗ ಎಲ್ಲ ತಗಡುಗಳ ಒಟ್ಟು ದಪ್ಪ ಅಳೆದುಕೊಂಡು, ಡಬ್ಬಿಯ ಮೇಲೆ ಬರೆದ ಹಿಡಿತದ ಅಳತೆಯೊಳಗೆ ಬರುವುದನ್ನು ತೆಗೆದುಕೊಳ್ಳಿ. ಹೊರಗೋಡೆಗೆ ತುದಿ ಮುಚ್ಚಿದ ರಿವಿಟ್ ಕೇಳಿ, ನಡುವಿನ ತೂತಿನಿಂದ ನೀರು ಇಳಿಯುವುದಿಲ್ಲ. ಹೊಡೆಯುವ ಮುಂಚೆ ತಲೆಯ ಕೆಳಗೆ ಒಂದು ಹನಿ ಸೀಲಂಟ್ ಇರಲಿ.

ಸ್ಟೇನ್‌ಲೆಸ್ ಹಾಕ್ಬೇಕೋ, ಸಾದಾ ಜಿಂಕ್ ಹೊಡದದ್ದು ಸಾಕೋ?

ಕಟ್ಟಿಗೆಗೆ ಸ್ಟೇನ್‌ಲೆಸ್ ಹಾಕಿ, 304 ದರ್ಜೆಯದು ಸಾಕು. ಅಲ್ಯೂಮಿನಿಯಂ ವಿಷಯದಲ್ಲಿ ಸ್ವಲ್ಪ ಯೋಚಿಸಬೇಕು. ಎರಡು ಬೇರೆ ಲೋಹ ತಾಗಿಕೊಂಡು ನಡುವೆ ಉಪ್ಪು ನೀರು ಬಂದರೆ ಬ್ಯಾಟರಿಯಂತೆ ಕೆಲಸ ಶುರುವಾಗಿ ಅಲ್ಯೂಮಿನಿಯಂ ಸವೆಯುತ್ತದೆ. ಸ್ಕ್ರೂ ಸುತ್ತ ಬಿಳಿ ಪುಡಿ ಕಾಣುವುದು ಅದೇ. ಚೋರ್ಲಾ ಘಾಟ್ ಇಳಿದು ಗೋವೆಯ ಕಡಲ ದಂಡೆಗೆ ಹೋಗಿ ನಿಲ್ಲುವವರ ಟ್ರೇಲರ್‌ಗಳಲ್ಲಿ ಇದನ್ನು ಹೆಚ್ಚು ಕಾಣುತ್ತೇನೆ. ಸ್ಕ್ರೂ ತಲೆಯ ಕೆಳಗೆ ನೈಲಾನ್ ವಾಶರ್, ಎಳೆಗೆ ಬ್ಯೂಟೈಲ್ ಅಥವಾ ಸೀಲಂಟ್ ಹಚ್ಚಿದರೆ ಎರಡು ಲೋಹ ನೇರ ತಾಗುವುದಿಲ್ಲ. ದಂಡೆಯಿಂದ ಬಂದ ದಿನವೇ ಸಿಹಿನೀರಿನಿಂದ ತೊಳೆಯಿರಿ. ತಗಡಿಗೆ ತಗಡು ಕೂಡಿಸುವಲ್ಲಿ ಅಲ್ಯೂಮಿನಿಯಂ ರಿವಿಟ್ಟೇ ಸರಿ.

ಹೊರಗಿನ ದೇಶದ ಗಾಡಿ ಐತ್ರಿ, ಸ್ಕ್ರೂ ಅಳತಿನ ಹೊಂದವಲ್ವು.

ಅಮೆರಿಕದ ಗಾಡಿಗಳಲ್ಲಿ ನಂಬರ್ ಲೆಕ್ಕ. 6 ನಂಬರ್ ಎಂದರೆ 3.5 ಮಿ.ಮೀ., 8 ನಂಬರ್ 4.2, 10 ನಂಬರ್ 4.8. ರಿವಿಟಿನಲ್ಲಿ ಇಂಚಿನ ಎಂಟನೇ ಒಂದು ಭಾಗ ನಮ್ಮ 3.2, ಹದಿನಾರನೇ ಮೂರು ಭಾಗ ನಮ್ಮ 4.8. ಕಟ್ಟಿಗೆ ಸ್ಕ್ರೂ ಈ ಲೆಕ್ಕದಲ್ಲಿ ಅದಲುಬದಲು ಮಾಡಬಹುದು. ನಟ್ಟು-ಬೋಲ್ಟಿಗೆ ಮಾಡಬೇಡಿ, ಇಂಚಿನ ಎಳೆಗೆ ಮಿಲಿಮೀಟರಿನ ನಟ್ಟು ಒತ್ತಾಯದಿಂದ ತಿರುವಿದರೆ ಎರಡೂ ಹಾಳು.

ಪ್ರತಿ ಸಲ ಊರಿಗೆ ಹೋಗಿ ಬರೋದ್ರಾಗ ಕಪಾಟು, ಹಿಂಜು ಸಡ್ಲ ಆಗಿರ್ತಾವು.

ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಓಡಾಡಿದ ರಸ್ತೆಯಲ್ಲಿ ಟ್ರೇಲರ್ ಎಳೆದವರಿಗೆ ಇದು ಗೊತ್ತು. ಕಾರಿಗಿಂತ ಟ್ರೇಲರಿನ ಅಲುಗಾಟ ಹೆಚ್ಚು. ಭಾರ ಹೊರುವ ಕಪಾಟಿಗೆ ಸ್ಕ್ರೂ ಬಿಟ್ಟು ಬೋಲ್ಟ್ ಹಾಕಿ, ಹಿಂದೆ ಅಗಲ ವಾಶರ್ ಮತ್ತು ನೈಲಾಕ್ ನಟ್ಟು. ನೈಲಾಕ್ ನಟ್ಟನ್ನು ಬಿಚ್ಚಿದ ಮೇಲೆ ಮತ್ತೆ ಬಳಸಬೇಡಿ, ಒಳಗಿನ ನೈಲಾನ್ ಬಳೆ ಹಿಡಿತ ಕಳೆದುಕೊಂಡಿರುತ್ತದೆ. ಬಿಸಿಯಾಗುವ ಬ್ರೇಕ್ ಡ್ರಮ್ಮಿನ ಹತ್ತಿರವೂ ಅದು ಬೇಡ. ಲೋಹಕ್ಕೆ ಲೋಹ ಕೂಡುವಲ್ಲಿ ನೀಲಿ ಬಣ್ಣದ ಥ್ರೆಡ್‌ಲಾಕರ್ (ಎಳೆ ಸಡಿಲವಾಗದಂತೆ ಹಿಡಿಯುವ ದ್ರವ) ಒಂದು ಹನಿ ಸಾಕು. ಕೆಂಪಿನದು ಹಾಕಿದರೆ ಬಿಚ್ಚಲು ಬಿಸಿ ಮಾಡಲೇಬೇಕಾಗುತ್ತದೆ. ಸ್ಟೇನ್‌ಲೆಸ್ ನಟ್ಟು ಸ್ಟೇನ್‌ಲೆಸ್ ಬೋಲ್ಟಿಗೆ ಯಂತ್ರದಿಂದ ಜೋರಾಗಿ ತಿರುವಬೇಡಿ, ಎಳೆಗಳು ಒಂದಕ್ಕೊಂದು ಕಚ್ಚಿ ಅಲ್ಲೇ ಹಿಡಿದುಕೊಳ್ಳುತ್ತವೆ. ಸ್ವಲ್ಪ ಗ್ರೀಸ್ ಹಚ್ಚಿ ಕೈಯಿಂದ ತಿರುವಿ.

## ಕೈ ಪಳಗಿದವರು ಕೇಳುವವು

ಎಲ್ಲಾ ಸರಿ ಮಾಡೀನಿ, ಆದ್ರೂ ವರ್ಷಾ ಬ್ಯಾಸಗ್ಯಾಗ ಚಾವಣಿ ಅಂಚು ಬಾಯಿ ಬಿಡತೈತಿ.

ಲೋಹ ಬಿಸಿಗೆ ಉದ್ದವಾಗುತ್ತದೆ, ಒಂದೊಂದು ಲೋಹ ಒಂದೊಂದು ಪ್ರಮಾಣದಲ್ಲಿ. ಅಲ್ಯೂಮಿನಿಯಂ ಪ್ರತಿ ಮೀಟರಿಗೆ, ಪ್ರತಿ ಡಿಗ್ರಿಗೆ ಸುಮಾರು 23 ಮೈಕ್ರಾನ್ ಬೆಳೆಯುತ್ತದೆ. ಉಕ್ಕು ಸುಮಾರು 12. ಐದು ಮೀಟರ್ ಉದ್ದದ ಚಾವಣಿ ತಗಡು ಚಳಿಗಾಲದ ನಸುಕಿಗೂ ಬೇಸಿಗೆಯ ಮಧ್ಯಾಹ್ನಕ್ಕೂ 40 ಡಿಗ್ರಿ ವ್ಯತ್ಯಾಸ ಕಂಡಿತೆಂದರೆ 4.6 ಮಿ.ಮೀ. ಬೆಳೆಯುತ್ತದೆ. ಕೆಳಗಿನ ಉಕ್ಕಿನ ಚೌಕಟ್ಟು ಅಷ್ಟೇ ಕಾಯ್ದರೂ 2.4 ಮಿ.ಮೀ. ಮಾತ್ರ. ಉಳಿದ ಎರಡು ಮಿಲಿಮೀಟರಿನ ಜಗ್ಗಾಟವನ್ನು ಸ್ಕ್ರೂ ಮತ್ತು ಅಂಟು ಹೊರಬೇಕು. ಅದಕ್ಕೇ ಅಂಚಿಗೆ ಕಲ್ಲಿನಂತೆ ಗಟ್ಟಿಯಾಗುವ ಎಪಾಕ್ಸಿ, ಎಂ-ಸೀಲ್ ತರಹದ್ದು ಹಾಕಿದರೆ ಮೊದಲ ಬೇಸಿಗೆಗೇ ಸೀಳುತ್ತದೆ. ಹಿಗ್ಗಿ ಕುಗ್ಗುವ ಪಿಯು ಹಾಕಿ, ಅದೂ ಕನಿಷ್ಠ 3 ಮಿ.ಮೀ. ದಪ್ಪ ಇರಲಿ, ಹಾಳೆಯಷ್ಟು ತೆಳುವಾಗಿ ಸವರಿದ ಅಂಟಿಗೆ ಎಳೆಯಲು ಮೈಯೇ ಇರುವುದಿಲ್ಲ. ಬೀಡಿಂಗಿನ ತೂತುಗಳನ್ನು ಉದ್ದಕ್ಕೆ ಸ್ವಲ್ಪ ಅಂಡಾಕಾರ ಮಾಡಿದರೆ ತಗಡು ಸರಿಯಲು ಜಾಗ ಸಿಗುತ್ತದೆ. ಚಾವಣಿಗೆ ಬಿಳಿ ಬಣ್ಣ ಹಚ್ಚಿದರೂ ಜಗ್ಗಾಟ ಕಡಿಮೆಯಾಗುತ್ತದೆ. ವಿಜಯಪುರದವರಿಗೆ ನಾನು ಮೊದಲು ಹೇಳುವುದು ಬಿಳಿ ಬಣ್ಣವನ್ನೇ.

ಪಿಯು ಹಚ್ಚಿ ಮೂರು ದಿನ ಆತು, ಒಳಗ ಇನ್ನೂ ಹಸೀನ ಐತಿ.

ಪಿಯು ಒಣಗುವುದು ಗಾಳಿಯ ತೇವ ಹೀರಿಕೊಂಡು. ಹೊರಗಿನಿಂದ ಒಳಕ್ಕೆ ದಿನಕ್ಕೆ ಸುಮಾರು 2–3 ಮಿ.ಮೀ. ಗಟ್ಟಿಯಾಗುತ್ತದೆ, ಒಣ ಹವೆಯಲ್ಲಿ ಇನ್ನೂ ನಿಧಾನ. ಮಾರ್ಚ್-ಏಪ್ರಿಲ್‌ನ ಬಯಲುಸೀಮೆಯಲ್ಲಿ ಗಾಡಿಯ ಸುತ್ತ ನೆಲಕ್ಕೆ ನೀರು ಚಿಮುಕಿಸಿ, ಹಸಿ ಗೋಣಿಚೀಲ ಹತ್ತಿರ ತೂಗುಹಾಕಿ ಕಾಯಿರಿ. ದಪ್ಪ ಸಂದು ತುಂಬುವಾಗ ಎರಡು ದಿನ ಬಿಟ್ಟು ಎರಡು ಪದರ ಹಾಕುವುದು ಒಳ್ಳೆಯದು.

ಸ್ಕ್ರೂ ತಗದಾಗ ಒಳಗಿನ ಕಟಗಿ ಕೊಳತದ್ದು ಕಾಣತು. ಎಷ್ಟ ಕೊಯ್ಯಬೇಕು?

ಸೂಜಿಮೊನೆಯ ದಬ್ಬಣ ಹಿಡಿದು ಚುಚ್ಚುತ್ತ ಹೋಗಿ. ಸಲೀಸಾಗಿ ಇಳಿಯುವ ಜಾಗಕ್ಕೆ ಸೀಸದಕಡ್ಡಿಯಿಂದ ಗೆರೆ ಹಾಕಿ, ಅದರಾಚೆ ಇನ್ನೂ ಒಂದು ಗೇಣು ಗಟ್ಟಿ ಕಟ್ಟಿಗೆ ಸೇರಿಸಿ ಕೊಯ್ಯಿರಿ. ಪೂರ್ತಿ ಒಣಗದೆ ಮುಚ್ಚಬೇಡಿ. ಬೆಳಗಾವಿಯ ಹವೆಯಲ್ಲಿ ಫ್ಯಾನ್ ಹಚ್ಚಿದರೂ ವಾರ ಹಿಡಿಯಬಹುದು. ಹೊಸ ತುಂಡನ್ನು ಹಳೆಯದಕ್ಕೆ ಓರೆಯಾಗಿ ಕೂಡಿಸಿ, ಮರೈನ್ ಪ್ಲೈ ಬಳಸಿ, ಕೊಯ್ದ ಅಂಚಿಗೆಲ್ಲ ಎಪಾಕ್ಸಿ ಸವರಿ. ಅಂಚಿನಿಂದಲೇ ಪ್ಲೈ ನೀರು ಕುಡಿಯುತ್ತದೆ.

ಕಾರಿಗೆ ಕೂಡಿಸೋ ಕೊಂಡಿ ಬೋಲ್ಟೂ ಜಂಗ ಹಿಡದಾವು. ಅವನ್ನೂ ಸ್ಟೇನ್‌ಲೆಸ್ ಮಾಡ್ಲಾ?

ಬೇಡ. ಇಲ್ಲಿ ನೋಟಕ್ಕಿಂತ ಬಲ ಮುಖ್ಯ. ತಲೆಯ ಮೇಲೆ 8.8 ಎಂದು ಮುದ್ರೆ ಇರುವ ಉಕ್ಕಿನ ಬೋಲ್ಟ್ ಇದ್ದರೆ ಅದೇ ದರ್ಜೆಯದನ್ನೇ ಹಾಕಬೇಕು. ಮೊದಲ ಅಂಕಿ ಎಳೆತದ ಬಲ 800 ಮೆಗಾಪಾಸ್ಕಲ್ ಎಂದು, ಎರಡನೆಯದು ಅದರ ನೂರಕ್ಕೆ 80 ಭಾಗದಲ್ಲಿ ಲೋಹ ಬಗ್ಗಲು ಶುರುವಾಗುತ್ತದೆ ಎಂದು ಹೇಳುತ್ತದೆ. ಮುದ್ರೆಯಿಲ್ಲದ ಬೋಲ್ಟ್ ಅಂಗಡಿಯವ ಎಷ್ಟೇ ಗಟ್ಟಿ ಎಂದರೂ ತೆಗೆದುಕೊಳ್ಳಬೇಡಿ. ಬಿಗಿಯುವ ಅಳತೆ ಗಾಡಿ ಮಾಡಿದವರ ಪುಸ್ತಕದಲ್ಲಿದ್ದರೆ ಅದೇ ಪ್ರಮಾಣ. ಇಲ್ಲದಿದ್ದರೆ ಒಣ ಎಳೆಯ 8.8 ದರ್ಜೆಯ ಎಂ12 (12 ಮಿ.ಮೀ. ದಪ್ಪದ) ಬೋಲ್ಟಿಗೆ ಸಾಮಾನ್ಯವಾಗಿ 80 ನ್ಯೂಟನ್ ಮೀಟರ್ ಆಸುಪಾಸು, ಬಿಗಿತ ಅಳೆಯುವ ಟಾರ್ಕ್ ಪಾನಾದಿಂದಲೇ ಬಿಗಿಯಬೇಕು. ಚಕ್ರದ ನಟ್ಟುಗಳನ್ನು ಬಿಚ್ಚಿ ಹಾಕಿದ್ದರೆ 50–80 ಕಿಲೋಮೀಟರ್ ಓಡಿದ ಮೇಲೆ ಗಾಡಿ ನಿಲ್ಲಿಸಿ ಮತ್ತೊಮ್ಮೆ ಬಿಗಿಯಿರಿ. ಬೆಳಗಾವಿಯಿಂದ ಹೊರಟವರು ಕಿತ್ತೂರು ದಾಟುವ ಮುಂಚೆ ಒಮ್ಮೆ ಇಳಿಯಬೇಕು ಎಂದು ನಾನು ಹೇಳುವುದು ಇದಕ್ಕೇ. ಹಿಂದೆ ಬರುವವರ ಜೀವ ಈ ನಾಲ್ಕಾರು ಬೋಲ್ಟುಗಳ ಮೇಲಿದೆ. ಚೌಕಟ್ಟಿನ ತೂತೇ ಹಿಗ್ಗಿದ್ದರೆ ನೀವೇ ವೆಲ್ಡ್ ಮಾಡದೆ ಅನುಭವಿ ಚಾಸಿ ಕೆಲಸದವರಿಗೆ ತೋರಿಸಿ.

ಕೆಲಸ ಮುಗೀತು. ಮಳಿ ಬರೂತನ ಕಾಯದ ಸೋರಿಕಿ ನೋಡೋದು ಹೆಂಗ?

ಅಂಟು ಪೂರ್ತಿ ಗಟ್ಟಿಯಾಗಲು ವಾರ ಬಿಟ್ಟು, ತೋಟಕ್ಕೆ ನೀರು ಬಿಡುವ ಪೈಪು ಹಿಡಿಯಿರಿ. ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಮೊದಲು ಗೋಡೆಯ ಬುಡ, ಆಮೇಲೆ ಕಿಟಕಿ, ಆಮೇಲೆ ಬೀಡಿಂಗ್, ಕೊನೆಗೆ ಚಾವಣಿ. ಒಂದೊಂದು ಜಾಗಕ್ಕೂ ಹತ್ತು ನಿಮಿಷ ನೀರು ಹರಿಯಲಿ. ಮೇಲಿನಿಂದ ಶುರುಮಾಡಿದರೆ ನೀರು ಎಲ್ಲ ಸಂದುಗಳ ಮೇಲೂ ಇಳಿದು, ಸೋರಿದ್ದು ಯಾವುದು ಎಂದು ತಿಳಿಯುವುದಿಲ್ಲ. ಒಳಗೆ ಒಬ್ಬರು ಬ್ಯಾಟರಿ ಹಿಡಿದು ಕೂತು ತೇವ ಕಂಡಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಲಿ. ಸರ್ವಿಸ್ ಸ್ಟೇಷನ್ನಿನ ಜೋರಾದ ನೀರಿನ ಗನ್ ಬೇಡ, ಒಳ್ಳೆಯ ಸಂದನ್ನೂ ಅದು ಕಿತ್ತುಹಾಕುತ್ತದೆ. ಆಮೇಲೆ ಎಲ್ಲ ಕಪಾಟಿನ ಮೂಲೆಯಲ್ಲಿ, ಹಾಸಿಗೆಯ ಕೆಳಗೆ, ಕಿಟಕಿಯ ಬುಡದಲ್ಲಿ ಹಳೇ ದಿನಪತ್ರಿಕೆ ಹಾಸಿಡಿ. ಒಂದು ಹನಿ ಬಿದ್ದು ಒಣಗಿದರೂ ಕಾಗದ ಸುಕ್ಕಾಗಿ ಕಲೆ ಉಳಿಸಿಕೊಳ್ಳುತ್ತದೆ. ಮೊದಲ ಮಳೆಗಾಲ ಕಳೆಯುವವರೆಗೆ ಆ ಕಾಗದಗಳನ್ನು ತೆಗೆಯಬೇಡಿ.